ನನ್ನ ಹಲ್ಲಿಗೆ ಕಂಪ್ಯೂಟರ್ ಸಾಕ್ಷಿ

ನ್ಯಾಯ ಬೇಕೆಂದರೆ ಹಟ ಬೇಕು, ಸಾಕ್ಷಿ ಬೇಕು. ಹಟ ನನ್ನಲ್ಲಿ ಹುಟ್ಟಿದಾಗಿನಿಂದ ಇದೆ. ಸಾಕ್ಷಿ ಡಾಕ್ಟರ್ ಪಾಟೀಲರ ಕಂಪ್ಯೂಟರಿನಲ್ಲಿತ್ತು.

ಆದದ್ದಿಷ್ಟು. ನನ್ನ ಹಲ್ಲು ನೋಯುತ್ತಿತ್ತು. ನವನಗರದ ನಮ್ಮ ಮನೆ ಹತ್ತಿರದ ಈ ಹಲ್ಲಿನ ಡಾಕ್ಟರು ಒಂದನ್ನು ಕಿತ್ತರು. ಮನೆಗೆ ಬಂದರೂ ನೋವು ಹೋಗಲಿಲ್ಲ. ಅಂದರೆ ಅಪರಾಧಿ ಬಾಯಲ್ಲೇ ಕೂತಿದ್ದ, ಪಕ್ಕದ ನಿರಪರಾಧಿ ಹೊರಗೆ ಬಂದಿದ್ದ! ಕೀಳುವ ಹೊತ್ತಿನ ವಿವರ ಕೇಳಬೇಡಿ. ನೋವಿನ ಅಬ್ಬರದಲ್ಲಿ ನನಗೆ ಆ ಇಕ್ಕಳ ಬಿಟ್ಟು ಬೇರೇನೂ ನೆನಪಿರಲಿಲ್ಲ.

"ಬಿಡೂದಿಲ್ಲ! ಆ ಡಾಕ್ಟರನ್ನ ಗ್ರಾಹಕರ ಕೋರ್ಟಿಗೆ ಎಳೀತೇನಿ!" ಎಂದೆ.

"ಮೊದಲ ನೋಯೂ ಹಲ್ಲು ತೆಗಿಸಿಕೊಂಡ ಬರ್ರಿ," ಎಂದಳು ಹೆಂಡತಿ ಸುಮಿತ್ರಾ.

"ಅದು ಮುದ್ದೆಮಾಲು! ಕೇಸ್ ಮುಗಿಯೂತನಕ ಯಾರೂ ಮುಟ್ಟಾಂಗಿಲ್ಲ."

ಊದಿದ ಗಲ್ಲದಲ್ಲೇ ಕೇಸು ಹಾಕಿದೆ. ವಕೀಲರು ಬೇಡವೆಂದೆ. ಹೈಸ್ಕೂಲು ಮಾಸ್ತರನಿಗೆ ಮಾತಾಡಲು ಬಾಡಿಗೆ ಬಾಯಿ ಯಾಕೆ?

ಆ ಡಾಕ್ಟರು ರೋಗಿಗಳ ವಿವರವನ್ನೆಲ್ಲ ಕಂಪ್ಯೂಟರಿನಲ್ಲಿ ಇಡುತ್ತಿದ್ದರು. ಆಗ ಅದೊಂದು ಹೊಸ ಸೋಜಿಗ. ಅವರ ಹೆಂಡತಿ ಪಕ್ಕದಲ್ಲಿ ಕೂತು, ರೋಗಿ ಆಡಿದ ಮಾತನ್ನೆಲ್ಲ ಟಕಟಕನೆ ಒತ್ತುತ್ತಿದ್ದರು. ಆ ದಾಖಲೆ ತರಿಸಿ ಎಂದು ಅರ್ಜಿ ಹಾಕಿದೆ. ವಿಚಾರಣೆಯ ದಿನ ಡಾಕ್ಟರು ಬಾಗಿಲಲ್ಲೇ ನನ್ನ ಕೈ ಹಿಡಿದರು.

"ಮಾಸ್ತರ, ಅದನ್ನ ಓದ್ಸೂದು ಬ್ಯಾಡ್ರಿ. ಹೊಸಾ ಹಲ್ಲು ನಾನ ಪುಕ್ಕಟ ಕೂಡಸ್ತೇನಿ."

ಹೆದರಿದ್ದಾರೆ! ಖುಷಿಗೆ ನನಗೆ ನೋವೇ ಮರೆತುಹೋಯಿತು. "ಸತ್ಯ ಹೊರಗ ಬರಲೇಬೇಕ್ರಿ!" ಎಂದು ಗುಡುಗಿದೆ.

ಅವರ ವಕೀಲ ಹೊಸಬ, ಎಲ್ಲದಕ್ಕೂ ತಕರಾರು ತೆಗೆಯುವವ. "ಕಂಪ್ಯೂಟರ್‌ನಾಗ ಬರದದ್ದನ್ನ ಯಾವಾಗ ಬೇಕಾದ್ರೂ ತಿದ್ದಬಹುದ್ರಿ. ಸಾಕ್ಷಿ ಅಂತ ಹಿಡೀಬ್ಯಾಡ್ರಿ," ಎಂದ. ನಾನು ಬಿಟ್ಟೇನೆಯೇ? ಯಂತ್ರಕ್ಕೆ ರಾಗವಿಲ್ಲ, ದ್ವೇಷವಿಲ್ಲ, ಅದು ಸುಳ್ಳಾಡದು, ಇದರ ಪ್ರತಿಯೊಂದು ಅಕ್ಷರವೂ ನನಗೆ ಒಪ್ಪಿಗೆ ಎಂದು ವಾದ ಮಂಡಿಸಿದೆ. ಕೋರ್ಟಿನ ಅಧ್ಯಕ್ಷರು ತಲೆದೂಗಿದರು. ಹಿಂದಿನ ಬೆಂಚಿನಲ್ಲಿದ್ದ ಸುಮಿತ್ರಾಳ ಕಡೆ ತಿರುಗಿ ಮೀಸೆ ತಿರುವಿದೆ.

ಅಧ್ಯಕ್ಷರು ಕನ್ನಡಕ ಏರಿಸಿ ಓದತೊಡಗಿದರು.

"ನೋವು ಹಿಂದಿನ ದವಡೆ ಹಲ್ಲಿನದು ಎಂದು ಡಾಕ್ಟರು ಹೇಳಿದರು. ರೋಗಿ ಒಪ್ಪಲಿಲ್ಲ, ಅದರ ಮುಂದಿನದನ್ನು ತೋರಿಸಿದರು. ಅದು ಸ್ವಲ್ಪ ಹುಳುಕಾಗಿದೆ, ಸಿಮೆಂಟ್ ತುಂಬಿದರೆ ಸಾಕು ಎಂದರು ಡಾಕ್ಟರು. ರೋಗಿ ಕುರ್ಚಿಯಿಂದ ಎದ್ದು, 'ಹಲ್ಲು ನಂದು, ನೋವು ನಂದು! ಇದನ್ನ ಕೀಳ್ರಿ, ಇಲ್ಲಾಂದ್ರ ಇಲ್ಲೇ ಕುಂದರ್ತೇನಿ' ಎಂದು ಕೂಗಿದರು. ಒಪ್ಪಿಗೆ ಪತ್ರಕ್ಕೆ ಸಹಿ ಮಾಡಿದರು."

ಅಯ್ಯೋ, ಹೌದಲ್ಲ! ನನಗೆ ಎಲ್ಲವೂ ಒಮ್ಮೆಲೇ ನೆನಪಾಯಿತು.

"ಸಾಕ್ರಿ ಸರ್," ಎಂದೆ.

"ಪ್ರತಿಯೊಂದು ಅಕ್ಷರ ಅಂದೀರಲ್ರಿ," ಎಂದು ಅವರು ಮುಂದುವರಿಸಿದರು. "ಹಲ್ಲು ಹಾಳಾದ ಕಾರಣ, ರೋಗಿ ಹೇಳಿದಂತೆ: ಹೆಂಡತಿಯ ರೊಟ್ಟಿ."

ಹಿಂದಿನ ಬೆಂಚು ಕಿರ್ರೆಂದಿತು. ತಿರುಗಿ ನೋಡುವ ಧೈರ್ಯವಾಗಲಿಲ್ಲ.

ದಾಖಲೆಯ ಕುರಿತು ನನ್ನ ವಾದವನ್ನು ಅಧ್ಯಕ್ಷರು ಪೂರ್ತಿ ಎತ್ತಿಹಿಡಿದರು. ಆಮೇಲೆ ಅದೇ ದಾಖಲೆಯ ಆಧಾರದ ಮೇಲೆ ನನ್ನ ದೂರು ವಜಾ ಮಾಡಿದರು!

ಬಸ್ಸು ಇಳಿದ ಮೇಲೆ ಸುಮಿತ್ರಾ ನನ್ನ ರಟ್ಟೆ ಹಿಡಿದು ನೇರವಾಗಿ ಅದೇ ದವಾಖಾನೆಗೆ ಎಳೆದೊಯ್ದಳು. ಪಾಪ, ಡಾಕ್ಟರು ನಗಲಿಲ್ಲ. "ಯಾವ ಹಲ್ರೀ ಮಾಸ್ತರ?" ಎಂದರು. ಅವರ ಹೆಂಡತಿ ಆಗಲೇ ಕಂಪ್ಯೂಟರಿನ ಮುಂದೆ ಸಿದ್ಧರಾಗಿ ಕೂತಿದ್ದರು.

"ಅವರನ್ನೇನ ಕೇಳ್ತೀರಿ?" ಎಂದಳು ಸುಮಿತ್ರಾ. "ನಿಮಗ ತಿಳದದ್ದು ಕೀಳ್ರಿ."

ಟಕಟಕ ಎಂದು ಅದೂ ದಾಖಲಾಯಿತು. ನಾನು ತಕರಾರು ತೆಗೆಯಲಿಲ್ಲ.