ಮಾಲೆ ಹಾಕಿದವನ ಕೆಂಪು ಕಣ್ಣು

ಗೋವಾದ ಕಲಂಗುಟ್‌ನಲ್ಲಿ ಎಲ್ಲದಕ್ಕೂ ಒಂದು ಸೀಸನ್ ಇದೆ. ಪ್ರವಾಸಿಗರು ಬರುವುದೂ ಚಳಿಗಾಲದಲ್ಲಿ, ನನ್ನ ಮರ್ಯಾದೆ ಹೋಗುವುದೂ ಚಳಿಗಾಲದಲ್ಲಿ. ಪ್ರತಿ ವರ್ಷ ಒಂದೇ ಸಲಕ್ಕೆ ಹೋಗಿ ಮುಗಿಯುತ್ತಿತ್ತು. ಕಣ್ಣಿಗೆ ಲೆನ್ಸ್ ಹಾಕಿಕೊಂಡ ವರ್ಷ ಮಾತ್ರ ಕಂತಿನಲ್ಲಿ ಹೋಯಿತು.

೧. ಅಂಕಲ್

ನಾನು ಹೋಟೆಲ್ ವೇಟರ್. ವಿಜಯಪುರದ ಕಡೆಯಿಂದ ಬಂದು ಇಪ್ಪತ್ತು ವರ್ಷವಾಯಿತು. ಅಷ್ಟೂ ವರ್ಷ ಊರವರಿಗೆಲ್ಲ ಗ್ಲಾಸು ತುಂಬಿಕೊಟ್ಟೆನೇ ಹೊರತು ಒಂದು ಹನಿ ಬಾಯಿಗೆ ಬಿಟ್ಟವನಲ್ಲ. ನಮ್ಮ ಓಣಿಯಲ್ಲಿ ನಾನು ಗಳಿಸಿದ್ದು ಆ ಹೆಸರೊಂದನ್ನೇ. ಹೀಗಿರುವಾಗ ಹೆಚ್ಚುಕಡಿಮೆ ನನ್ನದೇ ವಯಸ್ಸಿನ ಗಿರಾಕಿಯೊಬ್ಬಳು ಎಲ್ಲರೆದುರು "ಅಂಕಲ್, ಪಾನಿ" ಎಂದಳು. ತಪ್ಪೆಲ್ಲ ನನ್ನ ದಪ್ಪ ಕನ್ನಡಕದ್ದು ಅನ್ನಿಸಿ ಲೆನ್ಸ್ ತಂದೆ.

ಹೆಂಡತಿ ಒಮ್ಮೆ ಲೆನ್ಸನ್ನು, ಒಮ್ಮೆ ನನ್ನನ್ನು ನೋಡಿದಳು. "ಮೊಮ್ಮಗ ಹುಟ್ಟ್ಯಾನ. ಈಗ ಯಾರಿಗೆ ತೋರಸಾಕ್ರಿ ಇದು?"

ನಾಚಿಕೆಯಿಂದ ಭೂಮಿಗಿಳಿದು ಹೋದೆ. "ಯಾರ ಮುಂದನೂ ಬಾಯಿ ಬಿಡಬ್ಯಾಡ, ನನ್ನ ಆಣಿ ಐತಿ," ಎಂದು ನನ್ನ ನೆತ್ತಿಯ ಮೇಲೆ ಅವಳ ಕೈ ಇಡಿಸಿಕೊಂಡೆ.

ಮರುದಿನ ಕನ್ನಡಕವಿಲ್ಲದ ಮುಖ ಹೊತ್ತು ಅದೇ ಗಿರಾಕಿಯ ಟೇಬಲ್ಲಿನ ಮುಂದೆ ನಿಂತೆ. ಆಕೆ ತಲೆ ಎತ್ತಿ ಕನಿಕರದಿಂದ ಕೇಳಿದಳು: "ಚಷ್ಮಾ ಕಹಾಂ ಖೋ ಗಯಾ, ಅಂಕಲ್?"

೨. ಊದು

ಡಿಸೆಂಬರಿನ ಬೆಳಗ್ಗೆ ಬೈಕಿನ ಮೇಲೆ ಹೋದರೆ ಒಣಗಾಳಿ ನೇರ ಕಣ್ಣಿಗೇ ಬಡಿಯುತ್ತದೆ. ಕನ್ನಡಕವಿದ್ದಾಗ ಅದು ಗೊತ್ತೇ ಆಗಿರಲಿಲ್ಲ. ಈಗ ಲೆನ್ಸ್ ಒಣಗಿ ಅಂಟಿಕೊಂಡು, ಹೋಟೆಲು ಮುಟ್ಟುವಷ್ಟರಲ್ಲಿ ಎರಡೂ ಕಣ್ಣು ಕೆಂಡದಂತಾಗುತ್ತಿದ್ದವು. ಕೆಂಪು ಕಣ್ಣಿಗೆ ನಮ್ಮ ಮ್ಯಾನೇಜರಿಗೆ ಗೊತ್ತಿದ್ದ ಕಾರಣ ಒಂದೇ: ಇಲ್ಲಿನ ಗೇರುಹಣ್ಣಿನ ಸಾರಾಯಿ, ಫೆನಿ. ಬಾಗಿಲಲ್ಲೇ ತಡೆದು, ಮೂಗು ಹತ್ತಿರ ತಂದು, "ಊದು" ಎಂದ.

ಲೆನ್ಸಿನ ವಿಷಯ ಹೇಳಿಬಿಡಬಹುದಿತ್ತು, ನಾಚಿಕೆ ಬಿಡಲಿಲ್ಲ. ಊದಿದೆ. ಅವತ್ತು ರೊಟ್ಟಿಯ ಜೊತೆ ಹಸಿ ಉಳ್ಳಾಗಡ್ಡಿ, ಬೆಳ್ಳುಳ್ಳಿ ಖಾರ ಎರಡನ್ನೂ ಚೆನ್ನಾಗಿ ಬಾರಿಸಿ ಬಂದಿದ್ದೆ. ಮ್ಯಾನೇಜರ್ ಹಿಂದೆ ಸರಿದು ಕರ್ಚೀಫು ಮೂಗಿಗೆ ಹಿಡಿದುಕೊಂಡ.

"ನಾಳೆಯಿಂದ ಫೆನಿನೇ ಕುಡಿದು ಬಾರಪ್ಪ," ಎಂದ.

೩. ಅಡ್ಡಬಿದ್ದದ್ದು

ಮಗಳ ಹೆರಿಗೆ ಸುಸೂತ್ರವಾದರೆ ನನ್ನಿಂದ ಅಯ್ಯಪ್ಪನ ಮಾಲೆ ಹಾಕಿಸುತ್ತೇನೆಂದು ಹೆಂಡತಿ ಹರಕೆ ಹೊತ್ತಿದ್ದಳು. ಹಾಕಿಸಿಕೊಂಡೆ. ಮ್ಯಾನೇಜರ್ ನನ್ನನ್ನು ಬಾರಿನಿಂದ ತೆಗೆದು ಸ್ಟೋರಿಗೆ ಹಾಕಿದ. ಓಣಿಯ ತುದಿಯ ತಗಡಿನ ಶೆಡ್ಡಿನಲ್ಲಿ ಸ್ವಾಮಿಗಳೆಲ್ಲರ ವಾಸ. ನಮ್ಮ ಕಡೆಯ ಹಿರಿಯ ಗೌಂಡಿಯೊಬ್ಬರು ಗುರುಸ್ವಾಮಿ. ಮೊದಲ ದಿನವೇ ಅವರು ಹೇಳಿದ್ದರು: "ಶೃಂಗಾರ ಬಿಡ್ರಿ. ಕುಡಿಯೂದಂತೂ ಇಲ್ಲ ನೋಡ್ರಿ. ಒಂದ ಹನಿ ಕುಡದದ್ದು ಕಂಡ್ರ ಮಾಲಿ ನಾನ ತಗದು ಮನಿಗೆ ಕಳಸ್ತೀನಿ."

ಕುಡಿಯುವ ಮಾತಿಗೆ ಎಲ್ಲರಿಗಿಂತ ಜೋರಾಗಿ ತಲೆಯಾಡಿಸಿದೆ. ಶೃಂಗಾರದ ಮಾತು ಬಂದಾಗ ನೆಲ ನೋಡಿದ್ದೆ. ಹಳೆಯ ಕನ್ನಡಕದ ಮೇಲೆ ನಾನೇ ಕೂತು ಮುರಿದಾಗಿತ್ತು, ಲೆನ್ಸ್ ಬಿಟ್ಟರೆ ಗತಿಯಿರಲಿಲ್ಲ.

ನಸುಕಿನಲ್ಲಿ ತಣ್ಣೀರು ಸ್ನಾನ. ಲೆನ್ಸಿಗೆ ನಳದ ನೀರು ತಾಗಬಾರದು ಎಂದು ಅಂಗಡಿಯವನು ಹೇಳಿದ್ದರಿಂದ ಅದನ್ನು ಹಾಕಿಕೊಳ್ಳುತ್ತಿದ್ದುದು ಆಮೇಲೆ. ಸ್ನಾನ ಮುಗಿದ ಕೂಡಲೇ ಗುರುಸ್ವಾಮಿಗೆ ಅಡ್ಡಬೀಳಬೇಕು. ಒಂದು ದಿನ ಗಡಗಡ ನಡುಗುತ್ತ ಬಂದು, ಕಂಬದ ಪಕ್ಕ ಕರಿ ಬಟ್ಟೆಯಲ್ಲಿ ನಿಂತಿದ್ದವರ ಮುಂದೆ ಉದ್ದಕ್ಕೆ ಬಿದ್ದೆ. ಆಶೀರ್ವಾದ ಬರಲಿಲ್ಲ. ಬಾರದೆ ಏಳುವ ಹಾಗಿಲ್ಲ, ಬಿದ್ದೇ ಇದ್ದೆ.

ಕೊನೆಗೆ ಹಿಂದಿನಿಂದ ಗುರುಸ್ವಾಮಿಯ ದನಿ ಬಂತು: "ಏಳ್ರಿ ಸ್ವಾಮಿ. ಅದು ಒಣಗಾಕ ಹಾಕಿದ್ದ ನನ್ನ ಲುಂಗಿ."

೪. ಬಾಟ್ಲಿ

ಕಣ್ಣು ಕೆಂಪು, ಮೇಲೆ ಲುಂಗಿಗೆ ನಮಸ್ಕಾರ. ಶೆಡ್ಡಿನಲ್ಲಿ ಗುಸುಗುಸು ಶುರುವಾಯಿತು. ಒಂದು ದಿನ ನಾನು ನೀರಿನ ಟ್ಯಾಂಕಿನ ಹಿಂದೆ ಕೂತು, ಲೆನ್ಸ್ ನೆನೆಸುವ ನೀರನ್ನು ಬಾಟ್ಲಿಯಿಂದ ಪುಟ್ಟ ಡಬ್ಬಿಗೆ ಸುರಿದುಕೊಳ್ಳುವಾಗ ಒಬ್ಬ ಸ್ವಾಮಿ ಕಂಡುಬಿಟ್ಟ. ಫೆನಿಯೂ ನೋಡಲು ತಿಳಿನೀರೇ.

ಎಲ್ಲರೂ ಸೇರಿದರು. ಗುರುಸ್ವಾಮಿ ಬೈಯಲಿಲ್ಲ, ಅದೇ ಹೆಚ್ಚು ಸುಟ್ಟಿತು. "ಮಾಲಿ ತಗೀಲೇನ್ರಿ ಸ್ವಾಮಿ?" ಎಂದರು. ಮಾಲೆ ಹೋದರೆ ಮಗಳ ಹರಕೆ ಹೋಯಿತು, ಇಪ್ಪತ್ತು ವರ್ಷದ ಹೆಸರೂ ಹೋಯಿತು.

"ಕುಡದಿಲ್ರಿ. ಲೆನ್ಸ್ ಹಾಕ್ಕೊಂಡೇನ್ರಿ," ಎಂದು ರೆಪ್ಪೆ ಹಿಗ್ಗಿಸಿ ಒಂದನ್ನು ತೆಗೆದು ಅಂಗೈ ಮೇಲಿಟ್ಟೆ. ಒಬ್ಬ ಸ್ವಾಮಿ ಕಣ್ಣು ಮುಚ್ಚಿಕೊಂಡು ಶರಣು ಕೂಗಿದ.

"ಇದು ಯಾಕ ಬೇಕಾತ್ರಿ?" ಎಂದರು ಗುರುಸ್ವಾಮಿ.

"ಸಣ್ಣಾಂವ ಕಾಣಲಿ ಅಂತ್ರಿ."

ಎಲ್ಲರೂ ನನ್ನ ಬಿಳಿ ಗಡ್ಡ ನೋಡಿದರು. ಯಾರೂ ನಗಲಿಲ್ಲ. ನಕ್ಕಿದ್ದರೆ ವಾಸಿಯಿತ್ತು.

ಹಿಂದೆ ದೊಡ್ಡ ಕುಡುಕನಾಗಿದ್ದ ಸ್ವಾಮಿ ಮಾತ್ರ ಒಪ್ಪಲಿಲ್ಲ. "ಕಣ್ಣಾಗ ಲೆನ್ಸ್ ಇರ್ಲಿ ಬಿಡ್ರಿ, ಬಾಟ್ಲ್ಯಾಗ ಏನೈತಿ? ನಾವೂ ಇಂಥಾವು ಭಾಳ ಹೇಳೇವಿ," ಎಂದ. ಗುರುಸ್ವಾಮಿ ನನ್ನ ಹೆಂಡತಿಗೆ ಹೇಳಿಕಳಿಸಿದರು. ಅವಳು ಓಡೋಡಿ ಬಂದು ಬಾಗಿಲ ಹೊರಗೆ ನಿಂತಳು.

"ತಂಗಿ, ಖರೇ ಹೇಳವ್ವ. ಈ ಸ್ವಾಮಿ ಬಾಟ್ಲಿ ಹಿಡಕೊಂಡು ಏನ ಮಾಡ್ತಾರ?"

ಅವಳು ನನ್ನ ಕಡೆ ನೋಡಿದಳು. ಹೇಳು, ಹೇಳು ಎಂದು ಕಣ್ಣು ಮಿಟುಕಿಸಿದೆ. ಲೆನ್ಸ್ ತೆಗೆದ ಕಣ್ಣಿನಿಂದ ನೀರು ಧಾರೆಯಾಗಿ ಇಳಿಯುತ್ತಿತ್ತು. ಅಳುತ್ತ ಬೇಡಿಕೊಳ್ಳುತ್ತಿದ್ದೇನೆ ಎಂದುಕೊಂಡಳು. ಸೆರಗು ತಲೆಯ ಮೇಲೆ ಎಳೆದುಕೊಂಡು ಗಟ್ಟಿಯಾಗಿ ಹೇಳಿದಳು: "ಮುಚ್ಚೂದೇನೈತ್ರಿ. ಕುಡೀತಾರ. ದಿನಾ ಕುಡೀತಾರ್ರಿ."

ಗುರುಸ್ವಾಮಿಯ ಕೈ ನನ್ನ ಕೊರಳಿನ ಮಾಲೆಗೆ ಬಂತು. ಅಷ್ಟರಲ್ಲಿ ಹೆಂಡತಿ ಬಾಗಿಲಿಂದ ಒಳಗೆ ಬಾಗಿ, ನನಗೆ ಧೈರ್ಯ ಹೇಳಲೆಂದು ಪಿಸುಗುಟ್ಟಿದಳು. ತಗಡಿನ ಶೆಡ್ಡು, ಪಿಸುಗುಟ್ಟಿದ್ದು ರಸ್ತೆಯವರೆಗೆ ಕೇಳಿಸಿತು.

"ಹೆದರಬ್ಯಾಡ್ರಿ. ಲೆನ್ಸಿನ ಸುದ್ದಿ ನಾ ಏನೂ ಹೇಳಿಲ್ರಿ."