ಅಣ್ಣನ ಹುಲ್ಲು ಕತ್ತರಿಸುವ ಮಷೀನು

ಮನೆಯಲ್ಲಿ ಒಂದು ಇಂಜಿನ್ನು ಇದ್ದರೆ ನಗುವುದಕ್ಕೆ ನೆಂಟರಿಷ್ಟರು ಬರಬೇಕಾಗಿಲ್ಲ. ಪೆಟ್ರೋಲಿನಲ್ಲಿ ಓಡುವ ಹುಲ್ಲು ಕತ್ತರಿಸುವ ಮಷೀನು ನಮ್ಮ ಮನೆಯಲ್ಲಿದ್ದಷ್ಟು ವರ್ಷ ಒಂದಲ್ಲ ಒಂದು ಪ್ರಸಂಗ ನಡೆಯುತ್ತಲೇ ಇತ್ತು. ಅದನ್ನು ತಂದ ಅಣ್ಣನೂ ಇಲ್ಲ, ಯಾರಿಗೋಸ್ಕರ ತಂದನೋ ಆ ಅತ್ತಿಗೆಯೂ ಇಲ್ಲ. ಆ ಕಥೆಗಳನ್ನು ಹೇಳಿದರೆ ಜನ ಹೊಟ್ಟೆ ಹಿಡಿದುಕೊಂಡು ನಗುತ್ತಾರೆ. ನಾನೂ ನಗುತ್ತಲೇ ಶುರು ಮಾಡುತ್ತೇನೆ, ನಡುವೆ ಎಲ್ಲೋ ಸುಮ್ಮನಾಗಿಬಿಡುತ್ತೇನೆ.

ಹರಾಜಿನ ಮಾಲು

ತೊಂಬತ್ತರ ದಶಕದ ಮಾತು. ಗವಿಪುರದ ಮನೆಯ ಮುಂಭಾಗದಲ್ಲಿ ಅಣ್ಣ ಅತ್ತಿಗೆ, ಹಿಂಭಾಗದಲ್ಲಿ ನಾನು, ನನ್ನ ಹೆಂಡತಿ. ಅಣ್ಣ ಸರ್ಕಾರಿ ಕಚೇರಿಯಲ್ಲಿ ಹೆಡ್ ಕ್ಲರ್ಕು. ಬಲ್ಬು ಹೋದರೂ ಎಲೆಕ್ಟ್ರಿಷಿಯನ್ನಿಗೆ ಹೇಳಿ ಕಳಿಸುವ ಪೈಕಿ.

ಅತ್ತಿಗೆಗೆ ಸಕ್ಕರೆ ಕಾಯಿಲೆ. ಅದು ಕಣ್ಣಿಗೆ ಇಳಿದಿತ್ತು. ಡಾಕ್ಟರು ಮಾಡುವುದೆಲ್ಲ ಮಾಡಿ, "ಇರೋ ದೃಷ್ಟೀನ ಎಷ್ಟು ದಿನ ಆಗುತ್ತೋ ಅಷ್ಟು ದಿನ ಉಳಿಸ್ಕೊಳ್ಳೋಣ" ಎಂದಿದ್ದರು. ಅದೇ ಸಮಯಕ್ಕೆ ಯಾವುದೋ ಮದುವೆ ಮನೆಯಲ್ಲಿ ಯಾರೋ ಒಬ್ಬರು, ಬೆಳಗಿನ ಇಬ್ಬನಿ ಬಿದ್ದ ಹುಲ್ಲಿನ ಮೇಲೆ ಬರಿಗಾಲಲ್ಲಿ ನಡೆದರೆ ಕಣ್ಣು ತಿಳಿಯಾಗುತ್ತದೆ ಎಂದುಬಿಟ್ಟರು. ಮುಳುಗುವವನಿಗೆ ಹುಲ್ಲುಕಡ್ಡಿಯೂ ಆಸರೆ ಎನ್ನುತ್ತಾರೆ. ನಮ್ಮಣ್ಣನಿಗೆ ಒಂದು ಕಡ್ಡಿ ಸಾಲಲಿಲ್ಲ. ಅಂಗಳದಲ್ಲಿದ್ದ ಕನಕಾಂಬರ, ಮಲ್ಲಿಗೆ ಎಲ್ಲ ಕಿತ್ತುಹಾಕಿ ಪೂರ್ತಿ ಹುಲ್ಲು ಹಾಕಿಸಿದ.

ಡಾಕ್ಟರಿಗೆ ಹೇಳಿದರೆ ಅವರು ತಲೆ ಚಚ್ಚಿಕೊಂಡರು. "ಸಕ್ಕರೆ ಕಾಯಿಲೆಯೋರು ಬರಿಗಾಲಲ್ಲಿ ನಡೀಬಾರ್ದು ಸಾರ್. ಒಂದು ಮುಳ್ಳು ಚುಚ್ಚಿದ್ರೂ ಗಾಯ ಮಾಯಲ್ಲ."

"ಮುಳ್ಳೇ ಇಲ್ದಂಗೆ ನೋಡ್ಕೋತೀನಿ ಡಾಕ್ಟ್ರೇ" ಎಂದ ಅಣ್ಣ.

ಕುಡುಗೋಲಿನಲ್ಲಿ ಕೊಯ್ದರೆ ಕೂಳೆ ಉಳಿದು ಅಂಗಾಲಿಗೆ ಚುಚ್ಚುತ್ತದೆ. ಕೂಲಿಯವರ ಕೈಗೆ ಬಿಟ್ಟರೆ ಕಲ್ಲುಗಿಲ್ಲು ನೋಡುವುದಿಲ್ಲ. ಆದ್ದರಿಂದ ಮಷೀನೇ ಆಗಬೇಕು, ತಾನೇ ನಡೆಸಬೇಕು ಎಂದು ಹಟ ಹಿಡಿದ. ಯಾವುದೋ ಕ್ಲಬ್ಬಿನವರು ಹಳೆಯ ಸಾಮಾನು ಹರಾಜು ಹಾಕುತ್ತಿದ್ದರು. ಅಲ್ಲಿಂದ ಒಂದು ಪೆಟ್ರೋಲ್ ಮಷೀನನ್ನು ಕೈಗಾಡಿಯ ಮೇಲೆ ಹೇರಿಸಿಕೊಂಡು ಬಂದ. ಕ್ರಿಕೆಟ್ ಆಡುವ ಜಾಗಕ್ಕೆ ಮಾಡಿದ ಮಷೀನು ಅದು. ನಮ್ಮ ಅಂಗಳವೋ, ನಾಲ್ಕು ಚಾಪೆ ಹಾಸಿದರೆ ಮುಗಿಯಿತು.

ಕೈಗಾಡಿಯವನು ಬೆವರು ಒರೆಸಿಕೊಂಡು ಅಂಗಳವನ್ನೊಮ್ಮೆ ನೋಡಿದ, ಮಷೀನನ್ನೊಮ್ಮೆ ನೋಡಿದ. "ಇಲ್ಲಿ ಇಳಿಸಿರ್ತೀನಿ ಸಾಮಿ. ಮೈದಾನ ಎಲ್ಲಿದೆ?"

ಒಂದು ಲೋಟಕ್ಕೆ ಎಷ್ಟು?

ಮಷೀನಿಗೆ ಅಂಗಳದಲ್ಲಿ ಮುಂದಕ್ಕೆ ಹೋಗುವುದಕ್ಕೆ ಜಾಗವಿತ್ತು, ತಿರುಗುವುದಕ್ಕೆ ಇರಲಿಲ್ಲ. ಹಾಗಾಗಿ ಭಾನುವಾರ ಬೆಳಿಗ್ಗೆ ಅಣ್ಣ ಗೇಟು ತೆಗೆದಿಟ್ಟು ಗೋಡೆಯಿಂದ ಶುರು ಮಾಡುತ್ತಿದ್ದ. ಒಂದು ಪಟ್ಟಿ ಕತ್ತರಿಸಿ, ಗೇಟು ದಾಟಿ, ನಡುಬೀದಿಯಲ್ಲಿ ಮಷೀನು ತಿರುಗಿಸಿಕೊಂಡು, ಮತ್ತೆ ಒಳಗೆ ಬಂದು ಇನ್ನೊಂದು ಪಟ್ಟಿ.

ಒಂದು ಭಾನುವಾರ ಪೊಲೀಸ್ ಕಾನ್‌ಸ್ಟೇಬಲ್ ಒಬ್ಬರು ಸೈಕಲ್ ನಿಲ್ಲಿಸಿದರು. "ಏನ್ರೀ ಇದು? ನಂಬರ್ ಪ್ಲೇಟ್ ಎಲ್ಲಿ?"

"ಇದು ಗಾಡಿ ಅಲ್ಲ ಸಾರ್. ಹುಲ್ಲು ಕತ್ತರಿಸೋದು."

"ಹುಲ್ಲು ಒಳಗಿದೆ. ಇದ್ಯಾಕೆ ರಸ್ತೇಲಿದೆ?"

"ಯೂ ಟರ್ನ್ ತಗೋಬೇಕಿತ್ತು ಸಾರ್."

ಅವರು ಅಂಗಳ ನೋಡಿದರು. ಮೆಟ್ಟಿಲ ಮೇಲೆ ಕಪ್ಪು ಕನ್ನಡಕ ಹಾಕಿಕೊಂಡು ಕೂತಿದ್ದ ಅತ್ತಿಗೆಯನ್ನು ನೋಡಿದರು. ಇನ್ನೇನೂ ಕೇಳದೆ ಕೈ ಅಡ್ಡ ಹಿಡಿದು ಎರಡೂ ಕಡೆಯ ಸ್ಕೂಟರುಗಳನ್ನು ನಿಲ್ಲಿಸಿ, ಅಣ್ಣನಿಗೆ "ಬನ್ನಿ ಬನ್ನಿ" ಎಂದು ದಾರಿ ಬಿಡಿಸಿಕೊಟ್ಟರು. ನಿಂತ ಸ್ಕೂಟರಿನವರೊಬ್ಬರು ಸುಮ್ಮನಿರಲಾರದೆ ಕೇಳಿದರು, "ಮೈಲೇಜ್ ಎಷ್ಟು ಕೊಡುತ್ತೆ ಸಾರ್?"

"ಒಂದು ಲೋಟಕ್ಕೆ ಒಂದು ಅಂಗಳ."

"ಪರವಾಗಿಲ್ಲ ಬಿಡಿ. ನನ್ನ ಸ್ಕೂಟರಿಗಿಂತ ವಾಸಿ."

ಕತ್ತರಿಸಿದ ಮೇಲೆ ಅಣ್ಣ ಮಂಡಿಯೂರಿ, ಅಕ್ಕಿಯಲ್ಲಿ ಕಲ್ಲು ಆರಿಸುವ ಹಾಗೆ ಅಂಗಳವನ್ನೆಲ್ಲ ಅಂಗೈಯಿಂದ ಸವರುತ್ತಿದ್ದ. ಆಮೇಲೆ ಅತ್ತಿಗೆ ಅವನ ಭುಜ ಹಿಡಿದು ನಡೆಯುತ್ತಿದ್ದರು. ಎದುರುಮನೆಯ ಕಾಂಪೌಂಡಿನ ಹೊರಗೆ ಒಂದು ದಾಸವಾಳದ ಗಿಡವಿತ್ತು. ಪ್ರತಿ ವಾರ ಅದರ ಕಡೆ ಮುಖ ಮಾಡಿ, "ಇವತ್ತು ಹೂವು ಕೆಂಪಗೆ ಕಾಣ್ತಿದೆ ಕಣ್ರೀ" ಎನ್ನುತ್ತಿದ್ದರು. ಅಷ್ಟು ಕೇಳಿದರೆ ಅಣ್ಣನಿಗೆ ಮುಂದಿನ ಭಾನುವಾರದವರೆಗೆ ಊಟ ತಿಂಡಿ ಬೇಡ.

ಆಯುಧಪೂಜೆ

ಆಯುಧಪೂಜೆಯ ದಿನ ಮಷೀನಿಗೆ ಅರಿಸಿನ ಕುಂಕುಮ, ಸೇವಂತಿಗೆ ಹಾರ, ಗಾಲಿಗೆ ನಿಂಬೆಹಣ್ಣು, ಎಲ್ಲ ಆಯಿತು. ಅಣ್ಣ ಪೆಟ್ರೋಲ್ ತುಂಬಿಸಿ ಟ್ಯಾಂಕಿನ ಮುಚ್ಚಳ ಹಾಕುವುದನ್ನು ಮರೆತಿದ್ದ. ಪುರೋಹಿತರು ತೀರ್ಥ ಪ್ರೋಕ್ಷಣೆ ಮಾಡುತ್ತ ಬಂದವರು ತೆರೆದ ಬಾಯಿ ಕಂಡು, ಭಕ್ತರಿಗೆ ಕೊಡುವ ಹಾಗೆ ಮೂರು ಉದ್ಧರಣೆ ತೀರ್ಥವನ್ನು ಅದಕ್ಕೂ ಹಾಕಿಬಿಟ್ಟರು.

ಮರುದಿನ ಅಣ್ಣ ಹಗ್ಗ ಎಳೆದೂ ಎಳೆದೂ ತೋಳು ಬಿದ್ದುಹೋಯಿತು, ಇಂಜಿನ್ನು ಎದ್ದೇಳಲಿಲ್ಲ. ಪುರೋಹಿತರನ್ನು ಕೇಳಿದರೆ, "ಸ್ಕೂಟರಿಗೆ ಹೇಳೋ ಮಂತ್ರಾನೇ ಹೇಳಿದೀನಿ ಸ್ವಾಮಿ. ಇದಕ್ಕೆ ಅಂತ ಬೇರೆ ಇದ್ಯೋ ಏನೋ, ಮಠದಲ್ಲಿ ವಿಚಾರಿಸ್ಬೇಕು" ಎಂದರು.

ನೀರು ಸೇರಿದ ಪೆಟ್ರೋಲನ್ನು ಸೋಸಿದರೆ ಸರಿಹೋಗುತ್ತದೆ ಎಂದು ಅಣ್ಣನೇ ತೀರ್ಮಾನಿಸಿದ. ಮನೆಯಲ್ಲಿ ಸೋಸುವುದಕ್ಕೆ ಇದ್ದ ಒಳ್ಳೆಯ ಸಾಧನವೆಂದರೆ ಕಾಫಿ ಫಿಲ್ಟರು. ಯಾರಿಗೂ ಹೇಳದೆ ಅದರಲ್ಲೇ ಸೋಸಿ, ಹುಣಸೆಹಣ್ಣಿನಲ್ಲಿ ಉಜ್ಜಿ ತೊಳೆದಿಟ್ಟ. ಮಷೀನು ಏಳಲಿಲ್ಲ. ಮರುದಿನ ಕಾಫಿ ಬಾಯಿಗಿಟ್ಟ ನಾನು ಹಿತ್ತಲಿಗೆ ಓಡಿದೆ.

ಅತ್ತಿಗೆ ಮಾತ್ರ ಎರಡು ಗುಟುಕು ಕುಡಿದು ಲೋಟ ಕೆಳಗಿಟ್ಟರು. "ಸಕ್ಕರೆ ಬಿಟ್ಟಾಗಿನಿಂದ ಇವತ್ತೇ ಕಣಪ್ಪ, ಕಾಫಿಗೆ ಏನೋ ಒಂದು ರುಚಿ ಅಂತ ಇರೋದು."

ಮೇವು

ಚಾಮರಾಜಪೇಟೆಯಿಂದ ಸ್ಕೂಟರ್ ಮೆಕ್ಯಾನಿಕ್ಕನ್ನು ಕರೆಸಿದೆವು. "ಇಂಜಿನ್ ಅಂದ್ಮೇಲೆ ಎಲ್ಲಾ ಒಂದೇ ಸಾರ್" ಎಂದು ಅವನು ಕಾರ್ಬೊರೇಟರ್ ಬಿಚ್ಚಿ, ತೊಳೆದು, ಜೋಡಿಸಿದ. ಇಂಜಿನ್ನು ಒಂದೇ ಎಳೆತಕ್ಕೆ ಎದ್ದಿತು. ಎದ್ದದ್ದು ನಿಲ್ಲಲಿಲ್ಲ. ಆಕ್ಸಿಲರೇಟರ್ ಸಿಕ್ಕಿಹಾಕಿಕೊಂಡು ಮಷೀನು ಅಣ್ಣನನ್ನು ಎಳೆದುಕೊಂಡು ಗೇಟು ದಾಟಿತು, ಬೀದಿ ದಾಟಿತು, ಎದುರುಮನೆಯ ದಾಸವಾಳದ ಗಿಡವನ್ನು ಬುಡಸಮೇತ ನೆಲಕ್ಕೆ ಕೆಡವಿ, ಕಾಂಪೌಂಡಿಗೆ ಗುದ್ದಿ ನಿಂತಿತು. ಎದುರುಮನೆಯವರು ಅಂದೇ ಆ ಗಿಡವನ್ನು ಕಿತ್ತು ಬಿಸಾಕಿದರು.

ಗದ್ದಲದ ನಡುವೆ ಆ ಗಿಡದ ವಿಷಯ ಅತ್ತಿಗೆಗೆ ಹೇಳುವುದು ಯಾರಿಗೂ ಹೊಳೆಯಲಿಲ್ಲ. ಮುಂದಿನ ಭಾನುವಾರ ಹುಲ್ಲಿನ ಮೇಲೆ ನಡೆಯುತ್ತ ಅವರು ಎಂದಿನ ಕಡೆಗೇ ಮುಖ ಮಾಡಿದರು. "ಇವತ್ತು ದಾಸವಾಳ ಜಾಸ್ತಿ ಬಿಟ್ಟಿದೆ ಅಲ್ವೇನ್ರೀ?"

ಅಲ್ಲಿ ಬರೀ ಗುಂಡಿ ಇತ್ತು. ಅತ್ತಿಗೆಗೆ ಏನೂ ಕಾಣುತ್ತಿಲ್ಲ, ಅಣ್ಣನ ಸಮಾಧಾನಕ್ಕಾಗಿ ಹೇಳುತ್ತ ಬಂದಿದ್ದಾರೆ ಎಂದು ಅಣ್ಣನಿಗೂ ಪಕ್ಕದಲ್ಲಿದ್ದ ನನಗೂ ಒಟ್ಟಿಗೇ ತಿಳಿಯಿತು. ಅಣ್ಣನ ಮುಖ ನೋಡುವುದಕ್ಕೆ ಆಗಲಿಲ್ಲ.

"ಹೌದು ಕಣೇ, ತುಂಬಾ ಬಿಟ್ಟಿದೆ" ಎಂದ ಅಣ್ಣ.

ಹಿತ್ತಲಿಗೆ ಬಂದು ನಾನು, "ಇನ್ನು ಈ ಹುಲ್ಲು ಮಷೀನು ಎಲ್ಲ ಸಾಕಲ್ಲೇನೋ ಅಣ್ಣ?" ಎಂದೆ. ಅವನು ಟವಲಿನಲ್ಲಿ ಮುಖ ಒತ್ತಿಕೊಂಡಿದ್ದ. "ನಾನು ನಿಲ್ಲಿಸಿದ್ರೆ ಅವಳಿಗೆ ಗೊತ್ತಾಗಿಹೋಗುತ್ತೆ ಕಣೋ, ನನಗೆ ಗೊತ್ತಾಯ್ತು ಅಂತ."

ಅವತ್ತೇ ಸಂಜೆ ಹೊಸ ದಾಸವಾಳದ ಗಿಡ ತಂದು, ಅದನ್ನು ಎದೆಗೆ ಅವಚಿಕೊಂಡು ಎದುರುಮನೆಯ ಬಾಗಿಲು ತಟ್ಟಿದ. ಆ ಮನೆಯ ಹಿರಿಯರು ಗಿಡವನ್ನೂ ಅಣ್ಣನನ್ನೂ ನೋಡಿ, "ಏನು ಸ್ವಾಮಿ, ನಿಮ್ಮ ಮಷೀನಿಗೆ ಮುಂದಿನ ವಾರದ ಮೇವೋ?" ಎಂದರು.

ಹೊಗೆಯಿಲ್ಲದ ಇಂಜಿನ್ನು

ಎರಡು ಸಾವಿರ ಇಸವಿ ದಾಟುವ ಹೊತ್ತಿಗೆ ಅತ್ತಿಗೆಗೆ ಬೆಳಕು ಕತ್ತಲೆಯ ವ್ಯತ್ಯಾಸವೂ ಹೊರಟುಹೋಯಿತು. ದಾಸವಾಳದ ಮಾತು ತಾನಾಗಿ ನಿಂತಿತು. ಆದರೆ ಭಾನುವಾರದ ನಡಿಗೆ ನಿಲ್ಲಲಿಲ್ಲ. ಇಂಜಿನ್ನಿನ ಸದ್ದು ಶುರುವಾದರೆ ಅತ್ತಿಗೆ ತಲೆ ಬಾಚಿಕೊಂಡು ಮೆಟ್ಟಿಲ ಮೇಲೆ ಬಂದು ಕೂರುತ್ತಿದ್ದರು. ಅವರ ವಾರದಲ್ಲಿ ಎದುರು ನೋಡುವುದಕ್ಕೆ ಅದೊಂದೇ ಉಳಿದಿತ್ತು.

ಆಗಲೇ ಮಷೀನು ಕೈಕೊಟ್ಟಿತು. ಒಳಗೆ ಏನೋ ತುಂಡಾಗಿತ್ತು. ಆ ಕಂಪನಿಯೇ ಮುಚ್ಚಿದೆ, ಭಾಗ ಸಿಗುವುದಿಲ್ಲ ಎಂದರು. ಆ ಶನಿವಾರ ಅಣ್ಣ ಸರಿಯಾಗಿ ಊಟ ಮಾಡಲಿಲ್ಲ. "ಅವಳಿಗೆ ಹೇಳ್ಬೇಡ್ರೋ" ಎಂದಷ್ಟೇ ಹೇಳಿದ.

ಭಾನುವಾರ ಬೆಳಿಗ್ಗೆ ನಾನು ಹಾಲು ತರುವುದಕ್ಕೆ ಹೊರಟಾಗ ಅಣ್ಣ ಅಂಗಳದಲ್ಲಿ ಕೂತು ನನ್ನ ಹೆಂಡತಿಯ ಬಟ್ಟೆ ಕತ್ತರಿಯಲ್ಲಿ ಹುಲ್ಲು ಕತ್ತರಿಸುತ್ತಿದ್ದ. ಹಾಲು ತಂದಾಗ ಹುಲ್ಲು ಸಾಪಾಗಿತ್ತು. ಅವನು ಎದ್ದು ಕೆಟ್ಟ ಮಷೀನಿನ ಹಿಡಿ ಹಿಡಿದ. ಸುತ್ತ ನೋಡಿದ. ಆಮೇಲೆ, ರಿಟೈರಾದ ಹೆಡ್ ಕ್ಲರ್ಕು ನಮ್ಮಣ್ಣ, ಬಾಯಲ್ಲಿ "ಡುರ್ರ್ರ್‌ರ್ರ್" ಎಂದು ಶುರು ಮಾಡಿದ.

ಸದ್ದು ಮಾಡುತ್ತ ಗೇಟು ದಾಟಿದ, ತಿರುಗಿಸುವಾಗ ಸ್ವರ ತಗ್ಗಿಸಿದ, ಒಳಗೆ ಬರುವಾಗ ಏರಿಸಿದ. ಬೀದಿಯಲ್ಲಿ ಹೋಗುತ್ತಿದ್ದವರು ನಿಂತುಬಿಟ್ಟರು. ಎದುರುಮನೆಯವರು ಪೇಪರ್ ಮಡಿಸಿ ಎದ್ದು ನಿಂತರು. ನನಗೆ ನಗು ಬಂತು. ಬಂದ ನಗು ಎಲ್ಲಿ ತಿರುಗಿತೋ ಏನೋ, ಮೆಟ್ಟಿಲ ಪಕ್ಕದಲ್ಲಿ ಹಾಲಿನ ಪಾತ್ರೆ ಹಿಡಿದುಕೊಂಡೇ ಅತ್ತುಬಿಟ್ಟೆ.

ಅತ್ತಿಗೆ ಗೋಡೆ ಹಿಡಿದುಕೊಂಡು ಬಂದು ಮೆಟ್ಟಿಲ ಮೇಲೆ ಕೂತರು. ಕಿವಿಗೊಟ್ಟು ಕೇಳಿದರು. ಅಣ್ಣ ಕೊನೆಯ ಪಟ್ಟಿ ಮುಗಿಸಿ, ಇಂಜಿನ್ನು ಆರಿಸುವ ಸದ್ದನ್ನೂ ಮಾಡಿ, ಏದುಸಿರು ಬಿಡುತ್ತ "ಬಾರೇ, ಆಯ್ತು" ಎಂದ.

"ಈ ಸಲ ರಿಪೇರಿ ಚೆನ್ನಾಗಿ ಮಾಡಿಸಿದೀರ ಕಣ್ರೀ" ಎಂದರು ಅತ್ತಿಗೆ. "ಮುಂಚೆ ಎಷ್ಟು ಹೊಗೆ ಬರೋದು. ಇವತ್ತು ವಾಸನೆನೇ ಇಲ್ಲ."

ಅಣ್ಣನ ಮುಖ ಅರಳಿತು. ಅವನು ಮಷೀನು ಗೋಡೆಗೆ ಒರಗಿಸುವುದಕ್ಕೆ ಆ ಕಡೆ ತಿರುಗಿದ. ಅತ್ತಿಗೆ ನನ್ನ ಪಂಚೆಯ ಚುಂಗು ಹಿಡಿದು ಬಗ್ಗಿಸಿಕೊಂಡು ಕಿವಿಯಲ್ಲಿ ಹೇಳಿದರು, "ಒಳಗೆ ಹೋಗಿ ಒಂದು ಲೋಟ ಉಪ್ಪುನೀರು ಬಿಸಿ ಮಾಡಿ ಕೊಡಪ್ಪ. ಮಷೀನಿನ ಗಂಟಲು ಕಟ್ಟಿದೆ."