ಬೆನ್ನಿಗೆ ಗಾಳಿ, ಜೇಬಿನಲ್ಲಿ ಕೀ

ಈ ವಸಂತದಲ್ಲಿ ಡಬ್ಲಿನ್ ಪಕ್ಕದ ನಮ್ಮ ಇಡೀ ಲೀಕ್ಸ್‌ಲಿಪ್ ಊರು ನನ್ನ ಓಟ ನೋಡಿ ಬೆರಗಾಗಲಿದೆ ಎಂದು ಶುಕ್ರವಾರ ರಾತ್ರಿ ಊಟಕ್ಕೆ ಕೂತಾಗ ಘೋಷಿಸಿದೆ! ಹೆಂಡತಿ ಖುರ್ಷೀದ್ ಸಾರು ಬಡಿಸುತ್ತಿದ್ದಳು. ಹದಿನಾಲ್ಕು ವರ್ಷದ ಮಗಳು ಅಯ್ಮನ್ ಫೋನ್ ನೋಡುತ್ತಿದ್ದಳು. ಊರು ಹಾಗಿರಲಿ, ಮನೆಯಲ್ಲೇ ಯಾರೂ ತಲೆ ಎತ್ತಲಿಲ್ಲ.

ನಾನೇನು ಬರಿಬಾಯಿ ಬಡಾಯಿಯವನಲ್ಲ. ಹೋದ ವರ್ಷ ಹಾಫ್ ಮ್ಯಾರಥಾನ್ ಓಡಿ ಮುಗಿಸಿದ ದಾವೂದ್ ನಾನೇ. ಪದಕ ಬಾಗಿಲ ಪಕ್ಕದ ಮೊಳೆಯಲ್ಲಿ ತೂಗುತ್ತಿದೆ. ಪಾರ್ಸೆಲ್ ತಂದವರಿಗೂ ಅದು ಕಾಣಲೆಂದು ಬಾಗಿಲನ್ನು ಪೂರ್ತಿ ತೆರೆಯುತ್ತೇನೆ. ಆದರೆ ಈ ಚಳಿಗಾಲ ಹಿಮ ಬಿತ್ತು. ವರ್ಷವಿಡೀ ಮಳೆಗೆ ಜಗ್ಗದ ಇಲ್ಲಿನ ಜನ ನಾಲ್ಕು ಬೆರಳು ಹಿಮ ಕಂಡರೆ ಸಾಕು, ಅಂಗಡಿಯ ಬ್ರೆಡ್ಡೆಲ್ಲ ಖಾಲಿ ಮಾಡುತ್ತಾರೆ. ನಾನೂ ಹನ್ನೊಂದು ವಾರ ಬ್ರೆಡ್ ತಿನ್ನುತ್ತ ಕಿಟಕಿ ಪಕ್ಕ ಕೂತೆ. ಓಟ ಯಾವಾಗ? ಹಿಮ ಕರಗಲಿ. ಕಾರಿನ ಒಂದು ಬ್ರೇಕ್ ಲೈಟ್ ಉರಿಯುತ್ತಿಲ್ಲ, ಬಲ್ಬ್ ಯಾವಾಗ? ಹಿಮ ಕರಗಲಿ. ಹಿಮ ಕರಗಿ ಮೂರು ವಾರವಾದರೂ ನನ್ನ ಬಾಯಲ್ಲಿ ಅದೇ ಉತ್ತರ ಬರುತ್ತಿತ್ತು.

ಮರುದಿನ ಖುರ್ಷೀದಳ ಡ್ರೈವಿಂಗ್ ಟೆಸ್ಟ್. ಬೆಂಗಳೂರಿನ ಶಿವಾಜಿನಗರದಲ್ಲಿ ಹತ್ತು ವರ್ಷ ಕಾರು ಓಡಿಸಿದವಳು ಇಲ್ಲಿಗೆ ಬಂದು ಎಲ್ ಬೋರ್ಡ್ ಹಚ್ಚಿಕೊಂಡು, ಬ್ರೀಡಾ ಎಂಬಾಕೆಯ ಹತ್ತಿರ ಹನ್ನೆರಡು ಪಾಠ ಕಲಿತು, ಈ ಒಂದು ತಾರೀಖಿಗೆ ಏಳು ತಿಂಗಳು ಕಾದಿದ್ದಳು. ಪಾಸಾದರೆ ಮಾತ್ರ ನೇಸ್ ಊರಿನಲ್ಲಿ ಸಿಕ್ಕಿರುವ ಕೆಲಸ ಅವಳದು. ಬಸ್ಸು ನಂಬಿಕೊಂಡು ಅಲ್ಲಿಗೆ ದಿನಾ ಹೋಗಿ ಬರುವುದು ಆಗದ ಮಾತು. ಟೆಸ್ಟ್ ಹತ್ತೂ ಹತ್ತಕ್ಕೆ. ಒಂಬತ್ತೂವರೆಗೆ ನಾವು ಮನೆ ಬಿಡಬೇಕು.

ಬೆಳಿಗ್ಗೆ ಎಂಟಕ್ಕೆ ನಾನು ಬೂಟಿನ ಲೇಸು ಬಿಗಿದೆ. ಖುರ್ಷೀದ್ ಬಚ್ಚಲಿನಿಂದಲೇ, ಸ್ವಲ್ಪ ನಿಲ್ಲಿ, ಒಂದು ಮಾತು ಹೇಳಬೇಕು ಎಂದಳು. ವೀರ ಹೊರಟ ಮೇಲೆ ನಿಲ್ಲುತ್ತಾನೆಯೇ? ಒಂಬತ್ತಕ್ಕೆ ವಾಪಸ್ ಎಂದು ಕೂಗಿ ಹಾರಿದೆ. ಭಾರವಾಗುತ್ತದೆಂದು ಫೋನು, ರೈಲಿನ ಕಾರ್ಡು ಎರಡನ್ನೂ ಮೇಜಿನ ಮೇಲೆ ಬಿಟ್ಟೆ.

ಕಾಲುವೆ ದಂಡೆ ಹಿಡಿದು ಡಬ್ಲಿನ್ ಕಡೆಗೆ ಓಡತೊಡಗಿದೆ. ನನಗೇ ನಂಬಲಾಗಲಿಲ್ಲ. ಹನ್ನೊಂದು ವಾರ ಬ್ರೆಡ್ ತಿಂದ ದೇಹ ಜಿಂಕೆಯಂತೆ ಹಾರುತ್ತಿದೆ! ಉಸಿರು ಕಟ್ಟಲಿಲ್ಲ, ಮಂಡಿ ಕುಯ್ಯೆನ್ನಲಿಲ್ಲ. ವಿಶ್ರಾಂತಿಯೇ ನಿಜವಾದ ತರಬೇತಿ ಎಂಬ ಹೊಸ ಸಿದ್ಧಾಂತವೊಂದು ಹೊಳೆಯಿತು. ಆ ಸಿದ್ಧಾಂತದ ಗುಂಗಿನಲ್ಲೇ ಕ್ಯಾಸಲ್‌ನಾಕ್ ಮುಟ್ಟಿದೆ. ಎಂಟು ಕಿಲೋಮೀಟರ್! ಗಡಿಯಾರ ಎಂಟು ಐವತ್ತು ತೋರಿಸುತ್ತಿತ್ತು.

ಮನೆ ಕಡೆಗೆ ತಿರುಗಿದೆ. ಯಾರೋ ಎದೆಗೆ ಕೈಯಿಟ್ಟು ದಬ್ಬಿದಂತಾಯಿತು.

ಗಾಳಿ! ಈ ದೇಶದಲ್ಲಿ ಗಾಳಿ ಯಾವಾಗಲೂ ಪಶ್ಚಿಮದಿಂದಲೇ ಬೀಸುತ್ತದೆ. ಇಷ್ಟು ಹೊತ್ತು ಓಡಿದ್ದು ನಾನಲ್ಲ, ಗಾಳಿ. ನಾನು ಬರೀ ಅದರ ಲಗೇಜು. ಚಳಿಗೆ ಕೈಗಳನ್ನು ಜಾಕೆಟ್ಟಿನ ಜೇಬಿಗೆ ತುರುಕಿದೆ. ಬೆರಳಿಗೆ ತಣ್ಣಗೆ ಏನೋ ತಾಗಿತು. ಕಾರಿನ ಕೀ!

ಕೊಳ್ಳುವಾಗಲೇ ಎರಡನೆಯ ಕೀ ಇಲ್ಲದೆ ಬಂದ ಸೆಕೆಂಡ್ ಹ್ಯಾಂಡ್ ಕಾರದು. ಹಿಂದಿನ ಸಂಜೆ ಜೇಬಿಗೆ ಹಾಕಿ ಮರೆತಿದ್ದೆ. ಅವಳ ಏಳು ತಿಂಗಳ ಕಾಯುವಿಕೆ ನನ್ನ ಮುಷ್ಟಿಯಲ್ಲಿ, ಮನೆಯಿಂದ ಎಂಟು ಕಿಲೋಮೀಟರ್ ದೂರದಲ್ಲಿ!

ನಾಯಿ ಹಿಡಿದು ಬರುತ್ತಿದ್ದ ಮುದುಕರೊಬ್ಬರ ಫೋನ್ ಕೇಳಿ ಪಡೆದೆ. ಆಗ ಎರಡನೆಯ ಆಘಾತ: ಮದುವೆಯಾಗಿ ಹದಿನಾರು ವರ್ಷವಾದರೂ ಹೆಂಡತಿಯ ನಂಬರು ನನಗೆ ಗೊತ್ತಿಲ್ಲ. ನೆನಪಿದ್ದದ್ದು ನನ್ನದೊಂದೇ. ಮನೆಯಲ್ಲಿ ಯಾರಾದರೂ ಎತ್ತಲೆಂದು ಅದಕ್ಕೇ ಹಚ್ಚಿದೆ. ನನ್ನದೇ ಗಂಭೀರ ದನಿ ಕೇಳಿಸಿತು: "ದಾವೂದ್ ಈಗ ಓಟದಲ್ಲಿದ್ದಾನೆ. ದಯವಿಟ್ಟು ಸಂದೇಶ ಬಿಡಿ." ಹೋದ ವರ್ಷ ಪದಕ ಬಂದ ಸಂಭ್ರಮದಲ್ಲಿ ನಾನೇ ರೆಕಾರ್ಡ್ ಮಾಡಿದ್ದೆ. ಮುದುಕರು ನನ್ನ ಮುಖ ನೋಡಿ, "ಯು'ಲ್ ಬಿ ಗ್ರ್ಯಾಂಡ್", ಅಂದರೆ ಎಲ್ಲ ಸರಿಹೋಗುತ್ತದೆ, ಎಂದು ಬೆನ್ನು ತಟ್ಟಿ ಮುಂದೆ ನಡೆದರು.

ಓಡಿದೆ. ಪಕ್ಕದ ಹಳಿಯ ಮೇಲೆ ನಮ್ಮೂರಿನ ರೈಲು ಹಾದುಹೋಯಿತು. ಕಿಟಕಿಯಲ್ಲೊಂದು ಮಗು ನನಗೆ ಕೈ ಬೀಸಿತು. ಬಾತುಕೋಳಿಗಳೂ ನನ್ನನ್ನು ಹಿಂದೆ ಹಾಕಿದವು. ಕಣ್ಣಲ್ಲಿ ನೀರು ಬಂತು. ಅರ್ಧ ಗಾಳಿಯದು, ಅರ್ಧ ನಿಜವಾದದ್ದು. ಒಂಬತ್ತೂವರೆಯಾಯಿತು. ಹತ್ತೂ ಹತ್ತೂ ಆಯಿತು. ಆದರೂ ಓಡುತ್ತ, ಕುಂಟುತ್ತ, ಕೂತು ಏಳುತ್ತ ಸಾಗಿದೆ, ಕಾಲಿಗೆ ಬೀಳಲಾದರೂ ಬೇಗ ತಲುಪಬೇಕಲ್ಲ. ಮನೆ ಸೇರಿದಾಗ ಹನ್ನೊಂದು ದಾಟಿತ್ತು. ಕಾರು ಅಲ್ಲೇ ನಿಂತಿತ್ತು. ನಾನು ಅದರ ಪಕ್ಕದಲ್ಲೇ ಕುಸಿದೆ.

ಬಾಗಿಲು ತೆರೆದ ಅಯ್ಮನ್ ನನ್ನನ್ನು ನೋಡಿ, "ಜೀಸಸ್, ಡ್ಯಾಡ್" ಎಂದಳು. ಈ ಮನೆಯಲ್ಲಿ ಆ ಮಾತು ಬೇಡವೆಂದು ಗದರಿಸಲೂ ನನಗೆ ಉಸಿರಿರಲಿಲ್ಲ. ಅಮ್ಮ ಎಲ್ಲಿ ಎಂದೆ. ಅವಳು ರಸ್ತೆಯ ಕಡೆ ಬೆರಳು ತೋರಿಸಿದಳು. ಬ್ರೀಡಾಳ ಕೆಂಪು ಕಾರು ಬರುತ್ತಿತ್ತು. ಬ್ರೀಡಾ ಪಕ್ಕದ ಸೀಟಿನಲ್ಲಿ, ಸ್ಟೀರಿಂಗ್ ಹಿಡಿದವಳು ಖುರ್ಷೀದ್! ಇಳಿದವಳ ಕೈಯಲ್ಲಿ ಪಾಸಾದ ಕಾಗದವಿತ್ತು.

"ಕೀ… ನನ್ನ ಹತ್ರ…" ಎಂದು ತೊದಲಿದೆ.

ಅವಳು ಕೀ ತೆಗೆದುಕೊಂಡು ಅಯ್ಮನ್‌ಗೆ ಕೊಟ್ಟು, ನಮ್ಮ ಕಾರಿನಲ್ಲಿ ಕೂತು ಬ್ರೇಕ್ ಒತ್ತಲು ಹೇಳಿದಳು. ಎಡಗಡೆ ಕೆಂಪಗೆ ಬೆಳಗಿತು. ಬಲಗಡೆ ಕತ್ತಲು.

"ಇದನ್ನ ತಗೊಂಡು ಹೋಗಿದ್ರೆ ಟೆಸ್ಟೇ ಮಾಡ್ದೆ ವಾಪಸ್ ಕಳಿಸ್ತಿದ್ರು," ಎಂದಳು. "ಬುಧವಾರ ನೋಡ್ದೆ, ಬಲ್ಬ್ ಇನ್ನೂ ಹಾಕಿಸಿರ್ಲಿಲ್ಲ. ಅವತ್ತೇ ಬ್ರೀಡಾ ಕಾರು ಬುಕ್ ಮಾಡ್ದೆ. ಬೆಳಿಗ್ಗೆ ನಿಲ್ಲಿ ಅಂದಿದ್ದು ಅದನ್ನ ಹೇಳೋಕೇ."

ಅಂದರೆ ನಾನು ಪ್ರಾಣ ಕೈಯಲ್ಲಿ ಹಿಡಿದು ತಂದದ್ದು ಯಾರಿಗೂ ಬೇಡದ ಕಾರಿನ ಕೀ! ನನಗೆ ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚು ಸಮಾಧಾನವಾಯಿತು. ಅಯ್ಮನ್‌ಳಿಂದ ಕೀ ವಾಪಸು ಪಡೆದ ಖುರ್ಷೀದ್ ಅದನ್ನು ತನ್ನ ಬ್ಯಾಗಿಗೆ ಹಾಕಿ ಜಿಪ್ ಎಳೆದಳು.

"ಬಲ್ಬ್ ನಾನೇ ಹಾಕಿಸ್ಕೋತೀನಿ. ಲೈಸೆನ್ಸ್ ಕೈಗೆ ಬಂದ ದಿನದಿಂದ ಕಾರು ನಂಗೆ. ನಿಮ್ಮ ಆಫೀಸ್ ಮೂರೇ ಕಿಲೋಮೀಟರ್. ನೀವು ಹೇಗಿದ್ರೂ ಓಡೋರು."

ಲೈಸೆನ್ಸ್ ಎರಡೇ ವಾರದಲ್ಲಿ ಬಂತು. ಈಗ ದಿನಾ ಬೆಳಿಗ್ಗೆ ಓಡುತ್ತಿದ್ದೇನೆ. ನಮ್ಮ ಆಫೀಸು ಮನೆಯಿಂದ ನೇರ ಪಶ್ಚಿಮಕ್ಕಿದೆ.